ಮಸುಕು ಫೋಟೊ ನೋಡಿ ದುಡ್ಡು ಕಟ್ಟಬೇಡಿ, ನಾನು ಕಟ್ಟಿ ಕೆಟ್ಟೆ

ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಹೊಟ್ಟೆಉರಿ ಆರುವುದಿಲ್ಲ. ಡೇಟಿಂಗ್ ಆಪ್‌ಗೆ ದುಡ್ಡು ಕಟ್ಟಿ ಮಂಗ ಆದೆ. ಅದೂ ಒಂದು ಸಲ ಅಲ್ಲ, ಎರಡು ಸಲ.

ಆಟ ನಿಮಗೆ ಗೊತ್ತೇ ಇದೆ. 2012ರಲ್ಲಿ ಟಿಂಡರ್ ಬಂದ ಮೇಲೆ ಎಲ್ಲ ಕಡೆ ಅದೇ: ಬೇಕಿದ್ದರೆ ಫೋಟೊ ಬಲಕ್ಕೆ ಜಾರಿಸು, ಬೇಡದಿದ್ದರೆ ಎಡಕ್ಕೆ. ನಾನಿದ್ದದ್ದು ಬೇರೆ ಆಪ್, ಹೆಸರು ಬೇಡ. ನಾಲ್ಕು ತಿಂಗಳು ಜಾರಿಸಿ ಜಾರಿಸಿ ಹೆಬ್ಬೆರಳು ನೋಯಿತೇ ಹೊರತು ಬಂದದ್ದು ಮೂರೋ ನಾಲ್ಕೋ 'ಹಾಯ್'. ಹಾಯ್ ಅಂದರೆ ಹಾಯ್ ಅಷ್ಟೇ, ಆಮೇಲೆ ನಾಪತ್ತೆ.

ಒಂದು ರಾತ್ರಿ, ಹನ್ನೊಂದೂವರೆ ಇರಬೇಕು, ಫೋನ್ ಟಿಂಗ್ ಎಂದಿತು. '14 ಜನ ನಿಮ್ಮನ್ನು ಇಷ್ಟಪಟ್ಟಿದ್ದಾರೆ!' ತೆರೆದರೆ 14 ಫೋಟೊ, ಎಲ್ಲವೂ ಮಸುಕು. ಒಂದರಲ್ಲಿ ಹಳದಿ ಬಟ್ಟೆ ಕಂಡ ಹಾಗಾಯಿತು. ಇನ್ನೊಂದರಲ್ಲಿ ಕನ್ನಡಕ ಇರಬಹುದು ಅನಿಸಿತು. ಫೋನನ್ನು ಕಣ್ಣಿನ ಹತ್ತಿರ ಹಿಡಿದೆ, ದೂರ ಹಿಡಿದೆ, ಓರೆ ಮಾಡಿದೆ. ನಗಬೇಡಿ, ನೀವೂ ಮಾಡಿರುತ್ತೀರಿ. ಮುಖ ಕಾಣಬೇಕಾದರೆ ಚಂದಾ ಕಟ್ಟಬೇಕು. ಕೆಳಗೆ ಅದಕ್ಕೆ ರಿಯಾಯಿತಿ, ಪಕ್ಕದಲ್ಲಿ ಓಡುತ್ತಿದ್ದ ಗಡಿಯಾರ. ಇನ್ನು ಒಂಬತ್ತು ನಿಮಿಷ. ಎಂಟು. ಕಟ್ಟಿಬಿಟ್ಟೆ. ಮೂರು ತಿಂಗಳಿನದು, ಒಟ್ಟಿಗೆ.

ಮಸುಕು ಹೋಯಿತು. ಹಳದಿ ಬಟ್ಟೆ ಅಂದುಕೊಂಡದ್ದು ಕಾರಿನ ಬಾಗಿಲು! ಆ ಪ್ರೊಫೈಲ್‌ನಲ್ಲಿ ಮನುಷ್ಯರ ಮುಖವೇ ಇಲ್ಲ. ಒಂಬತ್ತು ಜನ ನಾನು ಹಾಕಿದ್ದ ದೂರಕ್ಕಿಂತ ಎಷ್ಟೋ ಆಚೆಯವರು. ಇಬ್ಬರದು ಒಂದೇ ಫೋಟೊ, ಹೆಸರು ಮಾತ್ರ ಬೇರೆ. ಉಳಿದವರಿಗೆಲ್ಲ ಬರೆದೆ. ಉತ್ತರ ಬಂದದ್ದು ಒಬ್ಬರಿಂದ, ಅದೂ 'ಕ್ರಿಪ್ಟೊದಲ್ಲಿ ಹೂಡಿಕೆ ಮಾಡ್ತೀರಾ' ಅಂತ. ಆ ಗಡಿಯಾರವಾದರೂ ನಿಜವೇ? ಮುಂದಿನ ವಾರ ಗೆಳೆಯನ ಫೋನಿನಲ್ಲೂ ಅದೇ ರಿಯಾಯಿತಿ ಓಡುತ್ತಿತ್ತು.

ಕಸ್ಟಮರ್ ಕೇರ್‌ಗೆ ಬರೆದೆ. ಬಂದ ಉತ್ತರ ಕೇಳಿ: 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಇನ್ನೂ ಒಳ್ಳೆಯ ಫೋಟೊ ಹಾಕಿ ನೋಡಿ.' ನಾನು ಕೇಳಿದ್ದು ಇಬ್ಬರಿಗೆ ಒಂದೇ ಫೋಟೊ ಹೇಗೆ ಅಂತ. ಅವರು ಹೇಳಿದ್ದು ನನ್ನ ಫೋಟೊ ಸರಿಯಿಲ್ಲ ಅಂತ! ಮತ್ತೆ ಬರೆದೆ. ಅದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ. ಕೆಳಗೆ ಸಹಿ ಮಾಡಿದವರ ಹೆಸರು ಮಾತ್ರ ಬೇರೆ. ಸಿಟ್ಟಿನಲ್ಲಿ ಆಪನ್ನೇ ಅಳಿಸಿದೆ. ಮೂರು ತಿಂಗಳಾಗುತ್ತಿದ್ದಂತೆ ಮತ್ತೆ ದುಡ್ಡು ಕಟ್ ಆಯಿತು. ಕೇಳಿದರೆ, 'ಆಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ನಿಮ್ಮ ಪ್ರೀತಿಯ ಹುಡುಕಾಟಕ್ಕೆ ಶುಭ ಹಾರೈಕೆ.' ಶುಭ ಹಾರೈಕೆಯಂತೆ!

ದುಡ್ಡು ಹೋದ ಮೇಲೆ ಓದಿದ್ದು ಇದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2019ರಲ್ಲಿ ಟಿಂಡರ್‌ನ ಒಡೆತನದ ಕಂಪನಿ ಮ್ಯಾಚ್ ಗ್ರೂಪ್ ಮೇಲೆ ಕೇಸ್ ಹಾಕಿತ್ತು. ಮೋಸದ ಖಾತೆ ಇರಬಹುದು ಅಂತ ಕಂಪನಿಯೇ ಗುರುತು ಹಾಕಿದ್ದವರ ಮೆಸೇಜನ್ನೂ ಆಸೆ ಹುಟ್ಟಿಸಲು ತೋರಿಸಿ ಚಂದಾ ಕಟ್ಟಿಸಿಕೊಂಡಿತು ಎಂಬುದು ಒಂದು ಆರೋಪ. 2025ರಲ್ಲಿ 1.4 ಕೋಟಿ ಡಾಲರ್‌ಗೆ ರಾಜಿಯಾಯಿತು. ಮೊದಲೇ ಓದಿದ್ದರೆ ಆ ಎಂಟು ನಿಮಿಷ ಸುಮ್ನೆ ಮಲಗುತ್ತಿದ್ದೆ.

ಎದುರುಬದುರು ಸಿಕ್ಕಿದರೆ ಹೀಗಾಗುತ್ತದಾ? ಕಳೆದ ತಿಂಗಳು ಗೆಳೆಯರ ಮನೆಯಲ್ಲಿ ಒಬ್ಬರ ಪಕ್ಕ ಕೂತೆ. ಹತ್ತೇ ನಿಮಿಷದಲ್ಲಿ ಅವರ ಕಣ್ಣು ನನ್ನ ಭುಜದಾಚೆ ಬಾಗಿಲ ಕಡೆ ಹೋಗತೊಡಗಿತು. ಆಸಕ್ತಿ ಇಲ್ಲ, ಗೊತ್ತಾಯಿತು. ನೋವಾಯಿತು, ಇಲ್ಲ ಅನ್ನುವುದಿಲ್ಲ. ಎದ್ದು ಬೇರೆಯವರ ಹತ್ತಿರ ಹೋಗಿ ಕೂತೆ. ಯಾರೂ ಬಿಲ್ ಕಳಿಸಲಿಲ್ಲ ಅಲ್ವಾ?

ಕಟ್ಟಲೇಬೇಕು ಅಂದರೆ ಒಂದೇ ತಿಂಗಳಿಗೆ ಕಟ್ಟಿ. ಕಟ್ಟಿದ ದಿನವೇ ಫೋನಿನ ಆಪ್ ಸ್ಟೋರ್‌ನಲ್ಲಿ ಚಂದಾ ರದ್ದು ಮಾಡಿ. ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವ ತನಕ ಅದು ನಡೆಯುತ್ತದೆ. ಹೂಡಿಕೆ ಮಾತು ಎತ್ತಿದವರನ್ನು ಅಲ್ಲೇ ಬ್ಲಾಕ್ ಮಾಡಿ.

ನನ್ನ ಎರಡನೇ ಸಲದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಐದನೇ ಮೇಲ್ ಹಾಕಿದ್ದೇನೆ. ಒಳ್ಳೆಯ ಫೋಟೊ ಹಾಕಿ ಅಂದರು. ಸಹಿ ಮತ್ತೊಬ್ಬರದು.