ಟ್ರೇಲ್ ಕ್ಯಾಮೆರಾ ಕೊಳ್ಳುವವರೇ, ಡಬ್ಬದ ಮೇಲಿನ ಸ್ಟಿಕ್ಕರ್‌ಗೆ ಉಗುರು ಹಾಕಿ ನೋಡಿ

ತೋಟಕ್ಕೆ ಟ್ರೇಲ್ ಕ್ಯಾಮೆರಾ (ಮರಕ್ಕೆ ಕಟ್ಟಿಟ್ಟರೆ ಎದುರು ಬಂದ ಪ್ರಾಣಿಯ ಫೋಟೋ ತಾನೇ ತೆಗೆಯುವ ಕ್ಯಾಮೆರಾ) ತರಬೇಕು ಅಂತಿರುವ ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಂಗಳೂರಿನ ಒಂದು ಅಂಗಡಿಯವರು ನನಗೆ 14,500 ರೂಪಾಯಿಯ ಟೋಪಿ ಹಾಕಿದ್ದಾರೆ. ದೂರು ಕೊಟ್ಟಾಗಿದೆ, ಅದು ಇತ್ಯರ್ಥ ಆಗುವವರೆಗೆ ಅಂಗಡಿಯ ಹೆಸರು ಹಾಕುವುದಿಲ್ಲ.

ನಮ್ಮ ತೋಟ ಸೋಮೇಶ್ವರ ಅಭಯಾರಣ್ಯದ ಬದಿಗೇ ಇರುವುದು. ಹೊಸದಾಗಿ ನೆಟ್ಟ ಅಡಿಕೆ ಸಸಿಗಳ ಸುಳಿ ರಾತ್ರಿ ಬೆಳಗಾಗುವುದರೊಳಗೆ ಮಾಯ. ತಿನ್ನುವುದು ಕಡವೆಯೋ, ಜಿಂಕೆಯೋ, ಕಾಡುಕುರಿಯೋ ಅಂತ ಮೊದಲು ಗೊತ್ತಾಗಬೇಕು. ಕಡವೆಯಾದರೆ ಬೇಲಿ ಎತ್ತರಿಸಬೇಕು, ಕಾಡುಕುರಿಯಾದರೆ ಕೆಳಗಿನ ತಂತಿಗಳನ್ನು ಹತ್ತಿರ ಹತ್ತಿರ ಎಳೆಯಬೇಕು. ಬೇಲಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಕ್ಯಾಮೆರಾ ಇಟ್ಟು ನೋಡುವುದು ಬುದ್ಧಿವಂತಿಕೆ ಅಲ್ಲವಾ?

ಅಂಗಡಿಯಲ್ಲಿ ಎರಡೇ ಎರಡು ವಿಷಯ ಕೇಳಿದ್ದೆ, ಬಿಡಿಸಿ ಬಿಡಿಸಿ ಕೇಳಿದ್ದೆ. ಒಂದು, ರಾತ್ರಿ ಬೆಳಕು ಕಾಣಬಾರದು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರುತ್ತೇವೆ, ಕಳ್ಳರ ಕಾಟ ಉಂಟು, ಕೆಂಪು ಬೆಳಕು ಕಂಡರೆ ಮೊದಲು ಕ್ಯಾಮೆರಾವೇ ಹೋಗುತ್ತದೆ. ಅದಕ್ಕೆ ಬೆಳಕು ಕಣ್ಣಿಗೆ ಕಾಣದ 940 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಬಲ್ಬೇ ಬೇಕು, ಕೆಂಪಗೆ ಕಾಣುವ 850 ಬೇಡ ಅಂದೆ. ಎರಡು, ಪ್ರಾಣಿ ಎದುರು ಬಂದ ಕೂಡಲೇ ಫೋಟೋ ಬೀಳಬೇಕು. ಅವ "ನೋ ಗ್ಲೋ ಸಾರ್, ಡಬ್ಬದಲ್ಲೇ ಉಂಟಲ್ಲ, ನೋಡಿ" ಅಂತ ಬೆರಳಿಟ್ಟು ತೋರಿಸಿದ. 940 ಅಂತ ದೊಡ್ಡದಾಗಿ ಇತ್ತು. ಪಕ್ಕದಲ್ಲಿ 48 ಮೆಗಾಪಿಕ್ಸೆಲ್, 0.2 ಸೆಕೆಂಡಿನಲ್ಲಿ ಫೋಟೋ, 4ಜಿ, ಏನುಂಟು ಏನಿಲ್ಲ!

ತಂದು ಕಟ್ಟಿದೆ. ಕಾರ್ಡ್ ತೆಗೆದು ನೋಡಿದರೆ ಬರೀ ಸೋಗೆ, ಬಿದ್ದ ಹಾಳೆ, ಖಾಲಿ ದಾರಿ. ಒಂದರಲ್ಲಿ ಮಾತ್ರ ಹಿಂಗಾಲು, ಗೊರಸಿನಿಂದ ಮೊಣಕಾಲಿನವರೆಗೆ ಅಷ್ಟೇ. ಪ್ರಾಣಿ ದಾಟಿ ಹೋದ ಮೇಲೆ ಇದು ಕಣ್ಣು ಬಿಡುತ್ತದೆ! ಫಾರೆಸ್ಟ್ ಗಾರ್ಡ್‌ಗೆ ಫೋಟೋ ತೋರಿಸುತ್ತೇನೆ ಅಂತ ಕರೆದಿದ್ದೆ. ಅವರು ಬಂದು ಕೂತು, ನೆರೆಮನೆಯವರೂ ಸೇರಿ, ಎಲ್ಲರೂ ಆ ಸೋಗೆಯ ಫೋಟೋಗಳನ್ನೇ ನೋಡಿದರು. ಯಾರೂ ಏನೂ ಹೇಳಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

ಅದೇ ರಾತ್ರಿ ಅಂಗಳದಲ್ಲಿ ನಿಂತಿದ್ದಾಗ ತೋಟದ ಕತ್ತಲೆಯಲ್ಲಿ ಕೆಂಪಗೆ ಸಾಲಾಗಿ ಏನೋ ಹೊತ್ತಿಕೊಂಡಿತು, ಊದುಬತ್ತಿಯ ತುದಿಗಳ ಹಾಗೆ. ಅಷ್ಟು ದೂರದಿಂದ! ಒಳಗೆ ಹೋಗಿ ಡಬ್ಬ ತೆಗೆದು ಲೈಟಿನ ಕೆಳಗೆ ಹಿಡಿದೆ. 940 ಅಂತಿದ್ದ ಜಾಗ ಸ್ವಲ್ಪ ಉಬ್ಬಿತ್ತು. ಉಗುರು ಹಾಕಿ ಎಬ್ಬಿಸಿದೆ. ಸ್ಟಿಕ್ಕರ್ ಬಂತು. ಕೆಳಗೆ ಅಚ್ಚಾಗಿದ್ದದ್ದು 850. ಕೈ ನಡುಗಿತು. ಇದು ಕೈತಪ್ಪು ಅಲ್ಲ ಸ್ವಾಮಿ, ಯಾರೋ ಕೂತು ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದ್ದು.

ಬೆಳಿಗ್ಗೆ ಫೋನ್ ಮಾಡಿದೆ. "ಜಿಂಕೆಗೆ ಕೆಂಪು ಕಾಣುದಿಲ್ಲ ಮಾರಾಯ್ರೆ, ನಿಮಗೆ ಎಂತಕ್ಕೆ ಟೆನ್ಶನ್?" ಜಿಂಕೆಗೆ ಕಾಣದಿರಬಹುದು, ಕಳ್ಳನಿಗೆ ಕಾಣುತ್ತದಲ್ಲ! ನಾನು ದುಡ್ಡು ಕೊಟ್ಟದ್ದು 940ಕ್ಕೆ. "850ರಲ್ಲಿ ಬೆಳಕು ದೂರ ಹೋಗ್ತದೆ ಸಾರ್, ನಿಮಗೇ ಲಾಭ." ಹೌದು, 850ರ ಬೆಳಕು ಹೆಚ್ಚು ದೂರ ಹೋಗುತ್ತದೆ, 940ರಲ್ಲಿ ಫೋಟೋ ಸ್ವಲ್ಪ ಮಸುಕು. ಅದನ್ನು ಅಂಗಡಿಯಲ್ಲೇ ಹೇಳಿ ಮಾರಬೇಕಿತ್ತು, ಸ್ಟಿಕ್ಕರ್ ಅಂಟಿಸಿ ಅಲ್ಲ. ಸ್ಟಿಕ್ಕರಿನ ಫೋಟೋ ವಾಟ್ಸಾಪ್ ಮಾಡಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ. ಮತ್ತೆ ಕೇಳಿದಾಗ "ಡಬ್ಬ ಕಂಪೆನಿಯಿಂದ ಬಂದದ್ದು ಹಾಗೇ." ಆಮೇಲೆ ಕೊನೆಯ ಬಾಣ: "ಬಿಲ್ಲಲ್ಲಿ ಮಾಡೆಲ್ ನಂಬರ್ ಇಲ್ಲ, ಇದು ನಮ್ಮದೇ ಪೀಸ್ ಅಂತ ಹೇಗೆ ಹೇಳುದು?" ಬಿಲ್ ಬರೆದವ ಅವನೇ! ಬರೀ "ಕ್ಯಾಮೆರಾ – 1" ಅಂತ ಬರೆದದ್ದೂ ಅವನೇ!

48 ಮೆಗಾಪಿಕ್ಸೆಲ್ ಕಥೆಯೂ ಹೀಗೇ. ಒಳಗಿನ ಸೆನ್ಸರ್ ಚಿಕ್ಕದು, ಸಾಫ್ಟ್‌ವೇರ್ ಚಿತ್ರವನ್ನು ಹಿಗ್ಗಿಸಿ ಕೊಡುತ್ತದೆ. ಫೈಲ್ ದೊಡ್ಡದಾಗುತ್ತದೆ, ಕಾರ್ಡ್ ಬೇಗ ತುಂಬುತ್ತದೆ, ಕೋಡಿನ ಕವಲು ಎಣಿಸಲು ಜೂಮ್ ಮಾಡಿದರೆ ಎಲ್ಲ ಕಲಸಿದ ಹಿಟ್ಟು. 4ಜಿ ಸಿಮ್ ಅಂತೂ ನೆಟ್‌ವರ್ಕ್ ಹಿಡಿಯಲೇ ಇಲ್ಲ. ಬೇರೆ ದೇಶದ ಮೊಬೈಲ್ ತರಂಗಗಳ ಬ್ಯಾಂಡ್‌ಗಳಿಗೆ ಮಾಡಿದ ಮಾಲು ಇಲ್ಲಿಗೆ ಬರುತ್ತದೆ, ನಮ್ಮ ಜಿಯೋ, ಏರ್‌ಟೆಲ್ ಬ್ಯಾಂಡ್ ಅದರಲ್ಲಿ ಇಲ್ಲದಿದ್ದರೆ ಮುಗಿಯಿತು.

ಹಾಗಾಗಿ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಸೆಲ್ ಹಾಕಿಸಿ, ಕತ್ತಲೆ ಕೋಣೆಗೆ ಒಯ್ದು ಎದುರು ನಡೆಯಿರಿ. ಕೆಂಪು ಕಂಡರೆ ಅದು 940 ಅಲ್ಲ. ನೀವು ದಾಟಿ ಹೋದ ಮೇಲೆ ಫೋಟೋ ಬಿದ್ದರೆ ಕಡವೆಯೂ ದಾಟಿ ಹೋಗುತ್ತದೆ. ನಿಮ್ಮದೇ ಸಿಮ್ ಹಾಕಿ ಫೋಟೋ ಮೊಬೈಲಿಗೆ ಬರುವವರೆಗೆ ಕೌಂಟರ್ ಬಿಟ್ಟು ಏಳಬೇಡಿ. ಬಿಲ್ಲಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್, 940 ಅಂತ ಅಂಗಡಿಯವನ ಕೈಯಲ್ಲೇ ಬರೆಸಿ. ಬರೆಯಲು ಹಿಂಜರಿದರೆ ಹೊರಟು ಬನ್ನಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಡಬ್ಬ, ಸ್ಟಿಕ್ಕರ್, ಅವನ ಮೆಸೇಜ್ ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಉಬ್ಬಿದ ಸ್ಟಿಕ್ಕರಿನ ಡಬ್ಬ ಇದ್ದರೆ ಬಿಸಾಡಬೇಡಿ, ಫೋಟೋ ತೆಗೆದು ನನಗೆ ಕಳಿಸಿ, ದೂರಿಗೆ ಸೇರಿಸುತ್ತೇನೆ.