ಅಲ್ಸೇಷಿಯನ್ ಮೈಗೆ ಎರಡು ಸಾಲಿನ ರೇಕ್: ಕೊಳ್ಳಿರಿ, ಆದರೆ ಹಲ್ಲು ಮುಟ್ಟಿ ನೋಡಿ

ಜರ್ಮನ್ ಶೆಫರ್ಡ್ (ಅದೇ ಅಲ್ಸೇಷಿಯನ್) ಇದ್ದ ಮನೆಯಲ್ಲಿ ಬೆಳೆದವರನ್ನು ಕೇಳಿ ನೋಡಿ, ನಾಯಿಯ ಪ್ರೀತಿಯ ಮಾತು ಮುಗಿಯುವ ಮೊದಲೇ ಅದರ ಕೂದಲಿನ ಮಾತು ಬರುತ್ತದೆ. ಪಡಸಾಲೆಯ ಮೂಲೆ, ಹಾಸಿಗೆ, ಶಾಲೆಯ ಯೂನಿಫಾರ್ಮು, ಕಡೆಗೆ ಸಾರಿನ ಬಟ್ಟಲು. ಈ ಕೂದಲಿಗೆಂದು ಹುಬ್ಬಳ್ಳಿ-ಧಾರವಾಡದ ಪೆಟ್ ಅಂಗಡಿಗಳಲ್ಲಿ ಸಿಗುವವು ಮುಖ್ಯವಾಗಿ ಮೂರು: ಉದುರುವ ಕೂದಲು ತೆಗೆಯುವ ಬ್ಲೇಡಿನ ಡಿಶೆಡ್ಡಿಂಗ್ ಟೂಲ್, ತಂತಿಯ ಸ್ಲಿಕರ್ ಬ್ರಷ್, ಎರಡು ಸಾಲು ಉಕ್ಕಿನ ಹಲ್ಲಿನ ಬಾಚಣಿಗೆಯಾದ ರೇಕ್. ಚೆಂದ ಕಾಣುವುದು ಬ್ಲೇಡ್. ಕೊಳ್ಳಬೇಕಾದದ್ದು ರೇಕ್.

ಕಾರಣ ನಾಯಿಯ ಮೈಯಲ್ಲೇ ಇದೆ. ಇದು ಕುರಿ ಕಾಯಲು ಬೆಳೆಸಿದ ತಳಿ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ನೋಂದಣಿ ಶುರು ಮಾಡಿದಾಗಲೂ ಲೆಕ್ಕಕ್ಕೆ ಬಂದದ್ದು ಕೆಲಸವೇ. ಮಳೆ-ಚಳಿಯಲ್ಲಿ ಹಿಂಡಿನ ಸುತ್ತ ಓಡುವ ನಾಯಿಗೆ ಹೊರಗೆ ಒರಟು ಕೂದಲು, ಒಳಗೆ ದಟ್ಟ ಮೆತ್ತನೆಯ ಪದರ. ಉದುರಿ ಮನೆ ತುಂಬುವುದು ಹೆಚ್ಚಾಗಿ ಆ ಒಳಪದರ. ರೇಕಿನ ಹಲ್ಲು ಹೊರಗೂದಲಿನ ನಡುವೆ ಇಳಿದು, ಸತ್ತ ಒಳಗೂದಲನ್ನಷ್ಟೇ ಎಳೆದು ತರುತ್ತದೆ; ಹೊರಬರುವುದು ಹಿಂಜಿದ ಅರಳೆಯಂತೆ ಉಂಡೆ ಉಂಡೆಯಾಗಿ. ಬ್ಲೇಡ್ ಕೂಡ ತೆಗೆಯುತ್ತದೆ, ಬೇಗವೂ ತೆಗೆಯುತ್ತದೆ. ಆದರೆ ಒತ್ತಿ ಎಳೆದರೆ, ಒಂದೇ ಜಾಗದಲ್ಲಿ ಹತ್ತು ಸಲ ಆಡಿಸಿದರೆ ಹೊರಗೂದಲೂ ತುಂಡಾಗುತ್ತದೆ, ಬೆನ್ನಿನ ಮೇಲೆ ಪಟ್ಟೆ ಬೀಳುತ್ತದೆ. ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.

ರೇಕ್ ಆರಿಸುವಾಗ ಡಬ್ಬಿಯಿಂದ ಹೊರಗೆ ತೆಗೆಸಿ. ಹಲ್ಲಿನ ತುದಿ ಗುಂಡಗಿರಬೇಕು. ನಿಮ್ಮದೇ ಮುಂಗೈ ಒಳಭಾಗದಲ್ಲಿ ಹಗುರವಾಗಿ ಎಳೆದು ನೋಡಿ. ಗೀರು ಉಳಿದರೆ ಬೇಡ. ಸಾಮಾನ್ಯ ಕೂದಲಿನ ಶೆಫರ್ಡ್‌ಗೆ ಸುಮಾರು 2 ಸೆಂ.ಮೀ. ಹಲ್ಲು ಸಾಕು, ಉದ್ದ ಕೂದಲಿನದಕ್ಕೆ 2.5ರಿಂದ 3. ಆಮೇಲೆ ಹಲ್ಲಿನ ಬುಡ ಅಲುಗಾಡಿಸಿ. ಅಗ್ಗದ ಮಾಲಿನಲ್ಲಿ ಹಲ್ಲು ಕೂತಿರುವುದು ಬರೀ ಪ್ಲಾಸ್ಟಿಕ್ಕಿನಲ್ಲಿ. ಒಂದು ಕಿತ್ತು ಬಂತೆಂದರೆ ಪಕ್ಕದವೂ ಸಡಿಲಾಗುತ್ತವೆ. ಹಿಡಿಗೆ ಮೆತ್ತನೆಯ ರಬ್ಬರ್ ಲೇಪವಿದ್ದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅಂಟಂಟಾಗುತ್ತದೆ, ಮರದ ಹಿಡಿಯೇ ವಾಸಿ. ಇನ್ನು ತುಕ್ಕು: ಧಾರವಾಡದ ಮಳೆಗಾಲದಲ್ಲಿ ಕೂದಲು ಸಿಕ್ಕಿದ ರೇಕನ್ನು ಹಾಗೇ ಇಟ್ಟರೆ ಬುಡದಿಂದಲೇ ಹಿಡಿಯುತ್ತದೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ.

ಬಾಚುವ ಮೊದಲು ಬೆರಳಿನಿಂದ ಉಣ್ಣಿ ಹುಡುಕಿ: ಕಿವಿಯ ಒಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ. ರೇಕಿಗೆ ಸಿಕ್ಕ ಉಣ್ಣಿ ಹರಿದು ಬಾಯಿಯ ಭಾಗ ತೊಗಲಲ್ಲೇ ಉಳಿದರೆ ಆ ಜಾಗ ಊದಿಕೊಳ್ಳುತ್ತದೆ. ಚಿಮಟದಲ್ಲಿ ತೊಗಲಿಗೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸುರಿಯುವ ಹಳೆಯ ರೂಢಿ ಬೇಡ, ತೊಗಲು ಸುಡುತ್ತದೆ. ಉಣ್ಣಿ ಕಚ್ಚಿದ ನಾಯಿ ಊಟ ಬಿಟ್ಟು ಜ್ವರ ಬಂದರೆ, ಮೂಗಿನಲ್ಲಿ ರಕ್ತ ಕಂಡರೆ ಅದು ಉಣ್ಣಿಯಿಂದ ಹರಡುವ ಟಿಕ್ ಫೀವರ್ ಇರಬಹುದು. ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಬಾಚುವುದು ಹಿಂದೊಡೆಯಿಂದ, ಒಳಗೂದಲು ಅಲ್ಲೇ ಹೆಚ್ಚು. ಎಡಗೈಯಲ್ಲಿ ಕೂದಲು ಮೇಲೆತ್ತಿ ಹಿಡಿದು, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ, ಕೂದಲು ಮಲಗುವ ದಿಕ್ಕಿಗೆ ಚಿಕ್ಕ ಎಳೆತ. ಭಾರ ಹಾಕಬೇಡಿ. ಗಂಟು ಸಿಕ್ಕರೆ ಎಳೆಯದೆ ಬೆರಳಲ್ಲಿ ಬಿಡಿಸಿ. ಮೊಣಕೈ, ಸೊಂಟದ ಮೂಳೆ, ಹೊಟ್ಟೆಯ ಮೇಲೆ ರೇಕ್ ಬೇಡ. ಕಿವಿಯ ಹಿಂದಕ್ಕೆ ಸಣ್ಣ ಹಣಿಗೆ ಸಾಕು. ಹೆಚ್ಚು ಉದುರುವ ದಿನಗಳಲ್ಲಿ ದಿನಾ ಹತ್ತು ನಿಮಿಷ, ಉಳಿದಂತೆ ವಾರಕ್ಕೆ ಎರಡು ಸಲ. ಬೇಲಿಯಿಲ್ಲದ ಹೊಲದ ಅಂಚಿನಲ್ಲಿ ಕುರಿ ಬೆಳೆಗೆ ನುಗ್ಗದಂತೆ ಅತ್ತಿಂದಿತ್ತ ಓಡುವುದೇ ಈ ತಳಿಯ ಕಸುಬು (ಅಂಗಳದಲ್ಲಿ ಮಕ್ಕಳನ್ನು ಸುತ್ತುಗಟ್ಟುವುದೂ ಅದಕ್ಕೇ), ಹಾಗಾಗಿ ನಿಂತಲ್ಲಿ ನಿಲ್ಲುವುದಿಲ್ಲ. 30-40 ಕಿಲೋದ ಗಂಡುನಾಯಿಯನ್ನು ಒತ್ತಿ ಹಿಡಿಯಲು ಹೋಗಬೇಡಿ. ಒಬ್ಬರು ಮುಂದೆ ಕೂತು ಜೋಳದ ರೊಟ್ಟಿಯ ಚೂರು ಕೊಡುತ್ತಿರಲಿ. ಗದಗಿನ ಗಾಳಿಯಲ್ಲಿ ಮಾಳಿಗೆ ಮೇಲೆ ಬಾಚುವವರು ಪಕ್ಕದ ಮನೆಯವರು ಸಂಡಿಗೆ ಒಣಹಾಕಿದ್ದಾರೆಯೇ ನೋಡಿಕೊಳ್ಳಿ.

ಸ್ನಾನಕ್ಕೆ ಮೊದಲು ಬಾಚಬೇಕು, ನಂತರವಲ್ಲ. ಸತ್ತ ಒಳಗೂದಲು ನೆನೆದರೆ ಗಟ್ಟಿಯಾಗಿ ಹೆಣೆದುಕೊಂಡು ಬುಡ ಒಣಗುವುದಿಲ್ಲ. ತುರಿಕೆ, ವಾಸನೆ, ಕೀವಿನ ಹುಣ್ಣು ಶುರುವಾಗುವುದು ಅಲ್ಲಿಂದ.

ಬೇಸಿಗೆಗೆ ಮೈ ಬೋಳಿಸಿ ಎನ್ನುವವರ ಮಾತು ಕೇಳಬೇಡಿ. ನಾಯಿ ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಹೊರಗೂದಲು ತೊಗಲಿಗೆ ಬಿಸಿಲು ತಾಕದಂತೆ ತಡೆಯುತ್ತದೆ, ಬೋಳಿಸಿದ ಮೇಲೆ ಅದು ಮೊದಲಿನಂತೆ ಬೆಳೆಯುತ್ತದೆಂಬ ಭರವಸೆಯಿಲ್ಲ. ಒಳಗೂದಲು ತೆಗೆದು, ನೆರಳು-ನೀರು ಕೊಟ್ಟರೆ ಆಯಿತು.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಹಲ್ಲು ಕೂರಿಸುವ ಕಳಪೆ ಕೆಲಸಕ್ಕೆ. ಮುಧೋಳ ನಾಯಿ ಸಾಕಿದವರಿಗೆ ಇದು ಬೇಡ. ಅದರ ಕೂದಲು ಗಿಡ್ಡ, ತೊಗಲು ತೆಳು, ರಬ್ಬರ್ ಕೈಗವಸು ಸಾಕು.