ಐದು ಸಾವಿರದ ಮಿತಿ: ಏಳು ವರ್ಷಗಳ ನೆಟ್ ಬ್ಯಾಂಕಿಂಗ್ ಬಳಕೆಯ ಅನುಭವ

ಒಂದು ಸಾರ್ವಜನಿಕ ಕ್ಷೇತ್ರದ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಮತ್ತು ಮೊಬೈಲ್ ಆ್ಯಪ್ ಅನ್ನು ಉಡುಪಿಯ ನಮ್ಮ ಮನೆಯಿಂದ ಏಳು ವರ್ಷಗಳಿಗೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಅದೇ ಬ್ಯಾಂಕಿನಲ್ಲಿ ನಮ್ಮ ತಂದೆಯವರ ಪಿಂಚಣಿ ಖಾತೆಯೂ ಇದೆ. ಆ್ಯಪ್ ಎಷ್ಟು ಬೇಗ ತೆರೆಯುತ್ತದೆ, ನೋಡಲು ಹೇಗಿದೆ ಎಂಬುದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಅವೆಲ್ಲ ಸಾಧಾರಣವಾಗಿ ಚೆನ್ನಾಗಿವೆ. ನಾನು ಹೇಳಬೇಕಾಗಿರುವುದು ಅದರೊಳಗೆ ಎಲ್ಲೋ ಮೂಲೆಯಲ್ಲಿರುವ ಒಂದು ಪುಟದ ಬಗ್ಗೆ. ದಿನಕ್ಕೆ ಗರಿಷ್ಠ ಎಷ್ಟು ಹಣ ಹೊರಗೆ ಹೋಗಬಹುದೆಂದು ಗ್ರಾಹಕರೇ ನಿಗದಿಪಡಿಸುವ ಪುಟ ಅದು.

ಬ್ಯಾಂಕು ಮನೆಬಾಗಿಲಿಗೆ ಬರುವುದು ನಮ್ಮ ಊರಿಗೆ ಹೊಸತಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಏಜೆಂಟರು ಮನೆಗೇ ಬಂದು ಸಂಗ್ರಹಿಸುತ್ತಿದ್ದರು. ತಂದೆಯವರ ತಲೆಮಾರಿಗೆ ‘ಬ್ಯಾಂಕಿನವರು’ ಎಂದರೆ ಪರಿಚಯದ ಮುಖ. ಆ ನಂಬಿಕೆಯೇ ಫೋನಿನ ಮೂಲಕ ಬರುವ ವಂಚಕರಿಗೆ ಅನುಕೂಲವಾಗುತ್ತದೆ ಎಂಬ ಭಯದಿಂದ, ನೆಟ್ ಬ್ಯಾಂಕಿಂಗ್ ಆರಂಭಿಸಿದ ವಾರವೇ ಅವರ ಖಾತೆಯ ದಿನದ ಮಿತಿಯನ್ನು 5,000 ರೂಪಾಯಿಗೆ ಇಳಿಸಿದ್ದೆ.

2022ರ ಜುಲೈ ತಿಂಗಳ ಒಂದು ಸಂಜೆ, ಮಳೆಗೆ ಕರೆಂಟು ಎರಡು ಬಾರಿ ಹೋಗಿ ಬಂದಿದ್ದ ಹೊತ್ತಿನಲ್ಲಿ, ವಿದ್ಯುತ್ ಬಿಲ್ ಬಾಕಿಯಿದೆ, ರಾತ್ರಿ ಒಂಬತ್ತೂವರೆಗೆ ಸಂಪರ್ಕ ಕಡಿತಗೊಳಿಸುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ ಎಂಬ ಸಂದೇಶ ತಂದೆಯವರಿಗೆ ಬಂತು. ಬೇರೆ ದಿನವಾಗಿದ್ದರೆ ಅವರು ಅದನ್ನು ಅಲಕ್ಷಿಸುತ್ತಿದ್ದರೇನೋ. ಕಣ್ಣೆದುರೇ ದೀಪ ಆರಿ ಹೊತ್ತುತ್ತಿದ್ದುದರಿಂದ ನಂಬಿದರು. ಕರೆ ಸ್ವೀಕರಿಸಿದವನು ಸೌಜನ್ಯದಿಂದ ಮಾತನಾಡಿ, ಪರದೆಯನ್ನು ದೂರದಿಂದ ನೋಡಲು ಅವಕಾಶ ಕೊಡುವ ಆ್ಯಪೊಂದನ್ನು ಹಾಕಿಸಿ, ಹತ್ತು ರೂಪಾಯಿ ಪಾವತಿಸಲು ಹೇಳಿದ. ತಂದೆಯವರು ಪಾಸ್‌ವರ್ಡ್ ಒತ್ತಿದ್ದೂ ಒಟಿಪಿ ಬಂದದ್ದೂ ಅವನಿಗೆ ಕಾಣಿಸುತ್ತಿತ್ತು. ಫಲಾನುಭವಿಯನ್ನು ನೋಂದಾಯಿಸದೆಯೇ ಸಣ್ಣ ಮೊತ್ತ ಕಳುಹಿಸುವ ಸೌಲಭ್ಯದ ಮೂಲಕ ಮೊದಲ 5,000 ರೂಪಾಯಿ ಹೋಯಿತು. ನಂತರದ ಮೂರು ಪ್ರಯತ್ನಗಳು ಮಿತಿ ಮೀರಿದೆ ಎಂಬ ಕಾರಣಕ್ಕೆ ತಿರಸ್ಕೃತವಾದವು. ಖಾತೆಯಲ್ಲಿ ಆಗ ಹಲವು ತಿಂಗಳ ಪಿಂಚಣಿ ಇತ್ತು.

ನಾನು ಮನೆ ತಲುಪಿದ ಕೂಡಲೇ ಇಂಟರ್ನೆಟ್ ಕಡಿದು, ಬ್ಯಾಂಕಿನ ಸಹಾಯವಾಣಿಗೆ ಹೇಳಿ ಖಾತೆಯನ್ನು ತಡೆಹಿಡಿಸಿ, ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ನಾನು ಗಮನವಿಟ್ಟು ಓದಿದ್ದು ಆ ರಾತ್ರಿಯೇ. ಆ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಬೇರೆಡೆ ಇದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ. ಆದರೆ ಗುಟ್ಟಿನ ವಿವರಗಳನ್ನು ಗ್ರಾಹಕರೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಆ 5,000 ಮರಳಲಿಲ್ಲ. ತಂದೆಯವರು ವಾರಗಟ್ಟಲೆ ಕುಗ್ಗಿಹೋಗಿದ್ದರು. ಅವರನ್ನು ಯಾರೂ ಬೈಯಬಾರದೆಂದು ಮನೆಯವರೆಲ್ಲ ಮೊದಲೇ ಮಾತನಾಡಿಕೊಂಡಿದ್ದೆವು. ಬೈದಿದ್ದರೆ ಮುಂದಿನ ಸಲ ಅವರು ಮುಚ್ಚಿಡುತ್ತಿದ್ದರು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಈ ಸೇವೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪವೂ ಇಲ್ಲಿಯೇ ಇದೆ. ಅಷ್ಟು ಉಪಯುಕ್ತವಾದ ಮಿತಿಯ ಪುಟವನ್ನು ತಲುಪಲು ನಾಲ್ಕು ಮೆನುಗಳನ್ನು ದಾಟಬೇಕು. ಖಾತೆ ಆರಂಭವಾಗುವಾಗ ಮಿತಿ ಲಕ್ಷಗಳಲ್ಲಿಯೇ ಇರುತ್ತದೆ. ಆ್ಯಪಿನಲ್ಲಿ ಕನ್ನಡವನ್ನು ಆಯ್ದುಕೊಂಡರೂ ಎಚ್ಚರಿಕೆಯ ಸಾಲುಗಳು ಇಂಗ್ಲಿಷಿನಲ್ಲಿಯೇ ಉಳಿದಿವೆ. ಅತಿ ಅಗತ್ಯವಾದ ಮಾತು ಓದುಗರಿಗೆ ಗೊತ್ತಿರುವ ಭಾಷೆಯಲ್ಲಿಯೇ ಇರಬೇಕಲ್ಲವೇ? ಎರಡು ಬಾರಿ ಲಿಖಿತವಾಗಿ ಕೇಳಿದ್ದೇನೆ. ಸ್ವೀಕರಿಸಿದ್ದೇವೆ ಎಂಬ ಉತ್ತರದ ಆಚೆಗೆ ಏನೂ ಬಂದಿಲ್ಲ.

ಒಳ್ಳೆಯ ಬದಲಾವಣೆಗಳೂ ಆಗಿವೆ. 2020ರ ಅಕ್ಟೋಬರ್‌ನಿಂದ ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಾವೇ ಬೇಕಾದಾಗ ತೆರೆದು ಮುಚ್ಚಬಹುದಾಗಿದೆ. ನಮ್ಮ ಮನೆಯ ಕಾರ್ಡುಗಳಲ್ಲಿ ಅದು ಸದಾ ಮುಚ್ಚಿಯೇ ಇರುತ್ತದೆ. 2025ರಿಂದ ನೆಫ್ಟ್ ಮೂಲಕ ಬೇರೆ ಬ್ಯಾಂಕಿನ ಖಾತೆಗೆ ಹಣ ಕಳುಹಿಸುವಾಗ ಹಣ ಪಡೆಯುವವರ ನಿಜವಾದ ಹೆಸರು ಮೊದಲೇ ಕಾಣಿಸುತ್ತದೆ. ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿರುವುದರಿಂದ, ನಕಲಿ ತಾಣವನ್ನು ಗುರುತಿಸುವ ಬಗೆಯನ್ನು ತಂದೆಯವರಿಗೆ ಒಂದೇ ವಾಕ್ಯದಲ್ಲಿ ಹೇಳಿಕೊಡಲು ಸಾಧ್ಯವಾಯಿತು.

ಆದರೆ ಬ್ಯಾಂಕಿನ ಆ್ಯಪ್ ಕಾಯಲಾರದ ಬಾಗಿಲೂ ಒಂದಿದೆ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿಗೆಂದು ಬೆರಳಚ್ಚು ಕೊಟ್ಟಿದ್ದ ಕೆಲವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ತೆಗೆದ ಪ್ರಕರಣಗಳು ಪೊಲೀಸರ ಬಳಿಗೆ ಬಂದವು. ಅದಕ್ಕೆ ಒಟಿಪಿಯೇ ಬೇಕಾಗಿರಲಿಲ್ಲ. ಆ ಸುದ್ದಿ ಓದಿದ ದಿನವೇ ಎಂ-ಆಧಾರ್ ಆ್ಯಪಿನಲ್ಲಿ ಮನೆಯವರೆಲ್ಲರ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿದೆ. ಬೆರಳಚ್ಚು ಕೊಡಬೇಕಾದಾಗ ಮಾತ್ರ ಸ್ವಲ್ಪ ಹೊತ್ತು ತೆರೆಯುತ್ತೇವೆ.

ಇಷ್ಟಾದರೂ ಈ ಸೇವೆಯನ್ನು ಬಿಡುವ ಯೋಚನೆ ನನಗಿಲ್ಲ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಒಂದೂವರೆಯಲ್ಲಿ ಅರ್ಧ ಕನ್ನಡಕ್ಕೆ, ಪೂರ್ಣ ಒಂದು ಅಂಕ ನಿಶ್ಚಿತ ಠೇವಣಿಗೆ: ಆನ್‌ಲೈನ್‌ನಲ್ಲಿ ಇಟ್ಟ ಠೇವಣಿಯನ್ನು ಯಾವ ಮಿತಿಯೂ ಇಲ್ಲದೆ ಆನ್‌ಲೈನ್‌ನಲ್ಲಿಯೇ ಮುರಿಯಬಹುದು, ಅದನ್ನು ತಡೆಯುವ ಗುಂಡಿ ಇನ್ನೂ ಬಂದಿಲ್ಲ. ಹಾಗಾಗಿ ತಂದೆಯವರ ಠೇವಣಿಯ ಅವಧಿ ಮುಗಿದಾಗಲೆಲ್ಲ ಅವರನ್ನು ರಿಕ್ಷಾದಲ್ಲಿ ಶಾಖೆಗೆ ಕರೆದುಕೊಂಡು ಹೋಗಿ, ಕಾಗದದ ರಸೀದಿಯನ್ನೇ ಬರೆಸಿಕೊಂಡು ಬರುತ್ತೇನೆ.